ಸೌತೆಬಳ್ಳಿ ಹಿಡಿಕೆಯ ಲೋಟ

ನಮ್ಮ ದೊಡ್ಡಪ್ಪನನ್ನು ಬೀದಿಯ ಮಕ್ಕಳೆಲ್ಲ ‘ಟಣಟಣ ತಾತ’ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಕೂತು ನಲವತ್ತು ವರ್ಷ ತಾಮ್ರ ಬಡಿದವರು ಅವರು. ಕೊಡ, ತಂಬಿಗೆ, ಲೋಟ ಎಲ್ಲವೂ ದುಂಡಗೆ, ನುಣ್ಣಗೆ. ಹೂವು, ಬಳ್ಳಿ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ, "ಪಾತ್ರೆಗ್ಯಾಕೆ ಒಡವೆ?" ಎಂದು ಮೂಗು ಮುರಿಯುತ್ತಿದ್ದರು.

ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದ ವರ್ಷ ಆ ಸುತ್ತಿಗೆ ಎರಡು ತಿಂಗಳು ಸುಮ್ಮನಾಯಿತು. ದೊಡ್ಡಮ್ಮನ ಮಾತು ಬೇಗ ಮರಳಿತು, ಮೊದಲಿಗಿಂತ ಒಂದು ಕೈ ಹೆಚ್ಚೇ. ಬಲಗೈ ಬೆರಳುಗಳು ಮಾತ್ರ ಅರ್ಧ ಮಡಚಿ ನಿಂತುಬಿಟ್ಟವು. ಅಭ್ಯಾಸವಿಲ್ಲದ ಎಡಗೈಯಲ್ಲಿ ಲೋಟ ಎತ್ತಿದರೆ ಮೈಮೇಲೆಲ್ಲ ಚಹಾ. ಹಾಗಾಗಿ ದೊಡ್ಡಪ್ಪನೇ ಕುಡಿಸುತ್ತಿದ್ದರು.

"ಕೂಸಿಗೆ ಕುಡಿಸಿದ ಹಾಗೆ ಕುಡಿಸ್ತೀರಲ್ಲ, ನಾಚಿಕೆಯಾಗುತ್ತೆ ರೀ," ಎಂದು ಒಂದು ಬೆಳಗ್ಗೆ ದೊಡ್ಡಮ್ಮ ಮುಖ ತಿರುಗಿಸಿದರು.

ದೊಡ್ಡಪ್ಪ ಲೋಟ ಇಟ್ಟು ಹಿತ್ತಲಿಗೆ ಹೋದರು. ಅಲ್ಲಿ ದೊಡ್ಡಮ್ಮ ನೆಟ್ಟಿದ್ದ ಸೌತೆಬಳ್ಳಿ ಕೋಲಿಗೆ ಹಬ್ಬಿತ್ತು. ಅದರ ಎಳೆ ಕುಡಿಯೊಂದು ಕೋಲನ್ನು ಮೂರು ಸುತ್ತು ಸುತ್ತಿ ಬಿಗಿಯಾಗಿ ಹಿಡಿದಿತ್ತು. ಅದನ್ನೇ ನೋಡುತ್ತ ನಿಂತರು. ಆಮೇಲೆ ಬಳ್ಳಿಯನ್ನು ಕತ್ತರಿಸಿಕೊಂಡು ಒಳಗೆ ಬಂದರು.

"ಹೂ ಬಿಟ್ಟ ಬಳ್ಳೀನ ಕತ್ತರಿಸಿಬಿಟ್ರಾ? ಕೈ ಹೋಗಿದ್ದು ನಂದು, ತಲೆ ಹೋಗಿದ್ದು ನಿಮ್ದಾ?"

"ಬೈಯೋದು ಆಮೇಲೆ ಬೈಯಿ. ಕೈ ಕೊಡೇ ಇಲ್ಲಿ," ಎಂದು ದೊಡ್ಡಪ್ಪ ಅವರ ಅಂಗೈಯನ್ನು ದಾರದಿಂದ ಅಳೆದರು.

ತಾಮ್ರದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ, ಕುಡಿಯ ಹಾಗೆ ಸುತ್ತಿ ಲೋಟಕ್ಕೆ ಬೆಸೆದರು. ಮೊದಲನೆಯದು ಬಿಗಿಯಾಯಿತು. ಎರಡನೆಯದು ಬಿಸಿ ಚಹಾಕ್ಕೆ ಕಾದು ಕೈ ಚುರುಕ್ಕೆಂದಿತು. ಮೂರನೆಯದಕ್ಕೆ ಹತ್ತಿದಾರ ಸುತ್ತಿದರು. ದೊಡ್ಡಮ್ಮನ ಬಲಗೈ ಆ ಸುರುಳಿಯೊಳಗೆ ಸಲೀಸಾಗಿ ಜಾರಿತು. ಬೆರಳು ಬಿಗಿಯುವ ಅಗತ್ಯವೇ ಇರಲಿಲ್ಲ. ಲೋಟ ಮೇಲೆದ್ದಿತು, ನಡುಗಿತು. ದೊಡ್ಡಪ್ಪ ಕೈಚಾಚಿದರು.

"ದೂರ ಇರಿ!"

ದೊಡ್ಡಮ್ಮ ಅಷ್ಟನ್ನೂ ಕುಡಿದು, "ಸಕ್ಕರೆ ಕಮ್ಮಿಯಾಗಿದೆ," ಎಂದರು. ಸಕ್ಕರೆ ತರಲು ಹೋದ ದೊಡ್ಡಪ್ಪ ಅಡುಗೆಮನೆಯಲ್ಲೇ ಬಹಳ ಹೊತ್ತು ನಿಂತುಬಿಟ್ಟರು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ನರ್ಸಮ್ಮ ಆ ಲೋಟ ನೋಡಿ, ತಾವು ನೋಡಿಕೊಳ್ಳುವ ಇನ್ನೊಬ್ಬ ರೋಗಿಗೂ ಅಂಥದ್ದು ಬೇಕೆಂದರು. ಆಮೇಲೆ ಎಲೆತೊಟ್ಟಿನ ಹಿಡಿಯ ಚಮಚ, ಅವರೆಕಾಯಿಯಂಥ ಹಿಡಿಯ ಮುಚ್ಚಳ ಎಲ್ಲವೂ ಬಂದವು. ಪ್ರತಿಯೊಂದಕ್ಕೂ ಬಳಸುವವರ ಕೈಯನ್ನು ದಾರದಲ್ಲಿ ಅಳೆಯಲೇಬೇಕು.

ಈಗ ಯಾವ ಪಾತ್ರೆಯೂ ದೊಡ್ಡಮ್ಮನ ಪರೀಕ್ಷೆ ಮುಗಿಯದೆ ಹೊಸ್ತಿಲು ದಾಟುವುದಿಲ್ಲ. "ಇದು ಬಳ್ಳಿಯಲ್ಲ, ಕೊಕ್ಕೆ. ಇನ್ನೊಂದ್ಸಲ ಮಾಡಿ," ಎನ್ನುತ್ತಾರೆ. ದೊಡ್ಡಪ್ಪ ಗೊಣಗುತ್ತ ಅದನ್ನು ಮತ್ತೆ ಬೆಂಕಿಗೆ ಹಿಡಿಯುತ್ತಾರೆ.