ಎರಡು ಮಗ್ಗಕ್ಕೆ ಒಂದೇ ಬ್ಲೇಡು

ನಮ್ಮ ಮದುವೆಯಾಗಿ ಎರಡನೇ ವರ್ಷದಲ್ಲಿ ನಡೆದದ್ದು ಇದು. ನನ್ನ ತವರು ಗದ್ವಾಲ, ಗಂಡನ ಮನೆ ನಾರಾಯಣಪೇಟೆ. ಎರಡೂ ಕಡೆ ಸೀರೆ ನೇಯುವವರೇ. ಆ ಕಾರ್ತಿಕದಲ್ಲಿ ನಮ್ಮ ಮನೆಯವರು ಸೀರೆ ಕೊಡಲೆಂದು ಮಕ್ತಲ್‌ಗೆ ಹೋದವರು, ಅಲ್ಲಿ ನಡೆದಿದ್ದ ಶಿಬಿರದಲ್ಲಿ ರಕ್ತದಾನ ಮಾಡಿ ಬಂದರು. ಬಾಳೆಹಣ್ಣು, ಬಿಸ್ಕತ್ತು ಕೊಟ್ಟರೆಂದು ನಗುನಗುತ್ತಾ ಹೇಳಿದ ಮನುಷ್ಯ, ವಾರದ ಮೇಲೆ ಯಾರದೋ ಫೋನ್ ಬಂದದ್ದೇ ತಡ, ಮುಖ ಸಣ್ಣ ಮಾಡಿಕೊಂಡು ಕೂತುಬಿಟ್ಟರು.

ಮರುದಿನವೇ ಅವರ ತಟ್ಟೆ ಬೇರೆ, ಲೋಟ ಬೇರೆ. ಹಾಸಿಗೆ ಪಡಸಾಲೆಗೆ ಹೋಯಿತು. ಯಾಕೆಂದು ಕೇಳಿದರೆ, "ಮೈಲಾರಪ್ಪಗ ನೇಮ ಹಿಡಿದೀನಿ. ನಲವತ್ತು ದಿನ ಯಾರೂ ನನ್ನ ಮುಟ್ಟಬಾರ್ದು" ಅಂದರು. ಅತ್ತೆಯ ಸಂಭ್ರಮ ಕೇಳಬೇಕೆ! "ನನ್ನ ಮಗಗ ದೇವ್ರ ಮ್ಯಾಲೆ ಎಷ್ಟ್ ಭಕ್ತಿ ಐತಿ ನೋಡ್ರೆವ್ವಾ" ಅಂತ ಓಣಿ ತುಂಬ ಸಾರಿ ಬಂದರು.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ನೇಮ ಹಿಡಿದವರು ನಸುಕಿನಲ್ಲೆದ್ದು ಮೈ ತೊಳೆಯಬೇಕು. ಇವರು ಬಿಸಿಲು ಮೈಮೇಲೆ ಬಿದ್ದ ಮೇಲೆ ಏಳುತ್ತಿದ್ದರು. ಒಂದು ದಿನ ಬಸ್‌ಸ್ಟ್ಯಾಂಡಿನ ಬಂಡಿಯ ಮುಂದೆ ನಿಂತು ಆಮ್ಲೆಟ್ ತಿನ್ನುತ್ತಿದ್ದುದನ್ನು ಕಣ್ಣಾರೆ ಕಂಡೆ. ಇದ್ಯಾವ ದೇವರಪ್ಪಾ, ಮೊಟ್ಟೆ ನಡೆಯುತ್ತದೆ, ಹೆಂಡತಿ ನಡೆಯುವುದಿಲ್ಲ! ನನ್ನ ಮೇಲೆ ಮನಸ್ಸು ತೀರಿತೆಂದೇ ತಿಳಿದೆ. ಮಾತು ಬಿಟ್ಟೆ.

ನಮ್ಮ ಮನೆಯಲ್ಲಿ ಎರಡು ಮಗ್ಗ, ನಡುವೆ ಒಂದು ಕಂಬ. ನೇಯುವಾಗ ಎಳೆ ಹರಿದರೆ ಗಂಟು ಹಾಕಿ ತುದಿ ಕತ್ತರಿಸಬೇಕು. ಅದಕ್ಕೆಂದು ಅರ್ಧ ಬ್ಲೇಡನ್ನು ದಾರಕ್ಕೆ ಕಟ್ಟಿ ಕಂಬಕ್ಕೆ ಇಳಿಬಿಟ್ಟಿದ್ದೆವು. ಅವರಿಗೂ ಅದೇ, ನನಗೂ ಅದೇ. ಉಗುರು ತೆಗೆಯುವುದೂ ಅದರಲ್ಲೇ. ಬೆರಳಿಗೆ ಗೀರಿದರೆ ಬಾಯಲ್ಲಿಟ್ಟು ಚೀಪಿ ಮತ್ತೆ ಲಾಳಿ ಹೊಡೆಯುವವರು ನಾವು.

ನೇಮ ಶುರುವಾಗಿ ಇಪ್ಪತ್ತು ದಿನವಾಗಿತ್ತೋ ಏನೋ. ಬೆಳಿಗ್ಗೆ ಅವರು ಬೆರಳು ಕೊಯ್ದುಕೊಂಡು, ಬಟ್ಟೆ ಸುತ್ತಿಕೊಳ್ಳಲು ಎದ್ದರು. ಅಷ್ಟರಲ್ಲಿ ನನ್ನ ಕಡೆ ಎಳೆ ಹರಿಯಿತು. ಕೈ ಚಾಚಿ ಅದೇ ಬ್ಲೇಡು ಎಳೆದುಕೊಂಡೆ. ಸಿಟ್ಟಿನಲ್ಲಿದ್ದೆನಲ್ಲ, ಸರಕ್ಕನೆ ಹೆಬ್ಬೆರಳಿಗೆ ಇಳಿಯಿತು.

"ಭಾಗ್ಯಾ! ಬಿಡು ಅದನ್ನ!"

ಅವರು ಕೂಗಿದ ರಭಸಕ್ಕೆ ಹಿತ್ತಲಲ್ಲಿದ್ದ ಅತ್ತೆ "ಏನಾತೋ?" ಎಂದರು. ಇವರು ಓಡಿ ಬಂದವರೇ ನನ್ನ ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟರು.

"ನೇಮಾನೂ ಇಲ್ಲ ಏನೂ ಇಲ್ಲ. ನನ್ನ ರಕ್ತದಾಗ ಹೆಪಟೈಟಿಸ್ ಬಿ ಐತಂತ, ಶಿಬಿರದವ್ರು ಫೋನ್ ಮಾಡಿ ಹೇಳಿದ್ರು. ಕಾಮಾಲಿ ಥರದ ರೋಗ. ನಿನಗ ಹತ್ತಬಾರ್ದಂತ ದೂರ ಇದ್ನಿ" ಅಂದರು.

"ಗಂಗಾಳ ಬ್ಯಾರೆ ಮಾಡಿದ್ರಿ, ಹಾಸಿಗಿ ಬ್ಯಾರೆ ಮಾಡಿದ್ರಿ. ಈ ಬ್ಲೇಡು ನೆನಪಾಗಲಿಲ್ಲೇನ್ರಿ?"

"ಇಲ್ಲ" ಅಂದು ಹಣೆ ಹಣೆ ಬಡಿದುಕೊಂಡರು.

ಸೀದಾ ದವಾಖಾನೆಗೆ ಹೋದೆವು. ಡಾಕ್ಟರಮ್ಮ ಮೊದಲು ತೆಲುಗಿನಲ್ಲಿ ಇವರಿಗೆ ಚೆನ್ನಾಗಿ ಬೈದರು. ಒಟ್ಟಿಗೆ ಉಂಡರೆ, ಮುಟ್ಟಿದರೆ ಇದು ಹರಡುವುದಿಲ್ಲವಂತೆ. ಹರಡುವುದು ರಕ್ತದಿಂದ, ಗಂಡಹೆಂಡಿರ ಕೂಟದಿಂದ. ಇವರಿಗೆ ಎಲ್ಲಿಂದ ಬಂತೆಂದು ನಾನು ಕೇಳಿದೆ. ಹುಟ್ಟುವಾಗಲೇ ಬಂದಿರಬಹುದು, ಎಷ್ಟೋ ಜನಕ್ಕೆ ಇರುವುದೇ ಗೊತ್ತಿರುವುದಿಲ್ಲ, ಗಂಡನ ನಡತೆಯ ಮೇಲೆ ಅನುಮಾನ ಪಡಬೇಡ ಎಂದರು.

ನನ್ನ ರಕ್ತ ಪರೀಕ್ಷೆ ಮಾಡಿದರು. ಸದ್ಯ, ರೋಗ ಇರಲಿಲ್ಲ! ಕೂಡಲೇ ಎಡತೋಳಿಗೆ ಲಸಿಕೆ ಚುಚ್ಚಿದರು. ಆದರೆ ಬೆಳಿಗ್ಗೆಯ ಗಾಯಕ್ಕೆ ಅದೊಂದೇ ಸಾಲದು, ತಕ್ಷಣ ಕಾಪಾಡುವ ಇನ್ನೊಂದು ಇಂಜೆಕ್ಷನ್ ಬೇಕು, ಅದು ಮಹಬೂಬನಗರದಲ್ಲಿದೆ, ಇವತ್ತೇ ಹಾಕಿಸಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು.

ನಾವು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಹೊರಡುತ್ತಿತ್ತು. ಇವರು ಓಡಿ ಹೋಗಿ ಅದರ ಮುಂದೆಯೇ ಎರಡೂ ಕೈ ಚಾಚಿ ನಿಂತುಬಿಟ್ಟರು!

"ಸಾಯಾಕ ನನ್ನ ಬಸ್ಸೇ ಬೇಕೇನಪ್ಪಾ?" ಎಂದ ಡ್ರೈವರ್.

"ಇಕಿನ್ನ ಉಳಿಸ್ಬೇಕ್ರಿ!" ಅಂದರು ಇವರು.

ಬಸ್ಸಿನವರೆಲ್ಲ ನನ್ನನ್ನೇ ನೋಡಿದರು. ಮುಂದಿನ ಸೀಟಿನ ಅಜ್ಜ ನನ್ನ ಹೆಬ್ಬೆರಳಿನ ಪಟ್ಟಿ ನೋಡಿ, "ಹಾವು ಕಡಿದೈತೇನಪ್ಪಾ?" ಎಂದು ಕೇಳಿದ.

"ಹೌದ್ರಿ ಯಜಮಾನ್ರ!" ಅಂದೇಬಿಟ್ಟರು ನಮ್ಮ ನೇಮದ ಮಹಾನುಭಾವರು.

ತಗೋ, ಡ್ರೈವರ್ ಹಾರ್ನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಒಬ್ಬಾಕೆ ನನಗೆ ನಿದ್ದೆ ಬರಬಾರದೆಂದು ದಾರಿಯುದ್ದಕ್ಕೂ ಕೆನ್ನೆ ತಟ್ಟಿದಳು. ಅಷ್ಟು ಭಯದಲ್ಲೂ ನನಗೆ ನಗು ತಡೆಯಲಾಗುತ್ತಿರಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳುತ್ತಿದ್ದಾಳೆಂದು ಆಕೆ ಇನ್ನೂ ಜೋರಾಗಿ ತಟ್ಟಿದಳು. ಹೊತ್ತು ಮುಳುಗುವುದರೊಳಗೆ ಬಲತೋಳಿಗೂ ಇಂಜೆಕ್ಷನ್ ಆಯಿತು.

ತಿಂಗಳಿಗೆ ಎರಡನೇ ಲಸಿಕೆ, ಆರನೇ ತಿಂಗಳಿಗೆ ಮೂರನೆಯದು. ಅಲ್ಲಿಯತನಕ ನಿರೋಧ್ ಬಿಡಬಾರದೆಂದು ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ನಾಚಿಕೆಯಿಲ್ಲದೆ ಹೇಳಿದ್ದರು. ನಾವೂ ನಾಚಿಕೆ ಬಿಟ್ಟು ಪಾಲಿಸಿದೆವು. ಅತ್ತೆಗೆ ನಿಜ ಹೇಳಿ ಅವರಿಗೂ ಪರೀಕ್ಷೆ ಮಾಡಿಸಿದೆವು. ಮೂರನೇ ಲಸಿಕೆಯಾಗಿ ಎರಡು ತಿಂಗಳಿಗೆ ಕೊನೆಯ ಪರೀಕ್ಷೆ. ಹಿಂದಿನ ದಿನ ನನಗೆ ಅನ್ನ ಸೇರಲಿಲ್ಲ.

ಡಾಕ್ಟರಮ್ಮ ಕಾಗದ ನೋಡಿ ನಕ್ಕರು. ರೋಗ ತಗುಲಿಲ್ಲ, ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಪೂರ್ತಿ ಬಂದಿದೆ, ಇನ್ನು ಮಗುವಿನ ಯೋಚನೆ ಮಾಡಬಹುದು ಎಂದರು. ಅಯ್ಯೋ, ಕುಣಿಯುವುದೊಂದು ಬಾಕಿ ನನಗೆ! ಹೊರಗೆ ಬಂದು ನೋಡಿದರೆ, ಇವರು ಗೋಡೆಗೆ ಒರಗಿ ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ.

"ಮಂದಿ ನೋಡಾಕತ್ತಾರ್ರಿ" ಅಂದೆ.

"ನೋಡ್ಲಿ ಬಿಡು. ಗೊತ್ತಾದ್ರ ನೀ ನನ್ನ ಬಿಟ್ಟು ಹೋಗ್ತಿ ಅಂತ ತಿಳಿದಿದ್ನಿ" ಅಂದರು.

"ಬಿಟ್ಟು ಎಲ್ಲಿಗೆ ಹೋಗ್ಲಿ, ಗದ್ವಾಲಕ? ಅಲ್ಲೂ ನೇಯೋದೇ ಐತಲ್ರಿ!" ಅಂದು ನಾನೂ ಅತ್ತುಬಿಟ್ಟೆ.

ಅವರ ರಕ್ತದಿಂದ ಅದು ಹೋಗಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು, ಇಬ್ಬರೂ ಕೂಡಿಯೇ ಹೋಗುತ್ತೇವೆ. ರೋಗ ಬಂದದ್ದಕ್ಕೆ ನನಗೆ ಅವರ ಮೇಲೆ ಒಂದು ದಿನವೂ ಸಿಟ್ಟು ಬಂದಿಲ್ಲ. ಬಿಟ್ಟು ಹೋಗುವವಳೆಂದು ನನ್ನನ್ನು ತಿಳಿದರಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ.