ಕೆಂದಿಯ ಖಂಡೆಪೂಜೆ

ಮುಂಡಗೋಡದ ನಮ್ಮ ಓಣಿಯಲ್ಲಿ ಶಿವಗಂಗವ್ವನ ಹಿಟ್ಟಿನ ಗಿರಣಿ ಗೊತ್ತಿಲ್ಲದವರಿಲ್ಲ. ಗಿರಣಿಯ ಹಿಂದಿನ ಖೋಲಿಯಲ್ಲಿ ಕೂತು ಆಕೆ ಆಕಾಶನೌಕೆ ಓಡಿಸುತ್ತಾಳೆ ಎಂಬುದೂ ಈಗ ಎಲ್ಲರಿಗೂ ಗೊತ್ತು. ಮೊದಲು ಕೇಳಿದವರೆಲ್ಲ ನಕ್ಕರು. ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡ ನಾನು, ನಿರ್ಮಲಾ, ಎಲ್ಲರಿಗಿಂತ ಹೆಚ್ಚು ನಕ್ಕೆ. ಅರವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಸೆರಗಿನ ತುಂಬ ಹಿಟ್ಟು, ಕೈಯಲ್ಲಿ ಮೌಸು. ನಗದೇ ಇರಲು ನಾನೇನು ಸನ್ಯಾಸಿಯೇ?

ಆ ನೌಕೆ ಮೊದಲು ಆಕೆಯ ಮಗ ಅಜಯನದು. ಹೈಸ್ಕೂಲಿನಲ್ಲಿದ್ದಾಗ ಅವನು ಹಿಡಿದ ಆನ್‌ಲೈನ್ ಆಟ. ಯಾವ್ಯಾವುದೋ ದೇಶದ ಜನ ಒಂದೇ ಆಕಾಶದಲ್ಲಿ ನೌಕೆ ತೇಲಿಬಿಟ್ಟು, ಬಂಡೆ ಅಗೆದು, ಅದಿರು ಸಾಗಿಸಿ, ನಡುನಡುವೆ ಒಬ್ಬರನ್ನೊಬ್ಬರು ಸುಲಿಯುತ್ತಾರೆ. ಅದರಲ್ಲಿ ಒಡೆದ ನೌಕೆ ಮತ್ತೆ ಬರುವುದಿಲ್ಲ. ಹೊಸದು ಕಟ್ಟಿಕೊಳ್ಳಬಹುದು, ಹಳೆಯದು ಹೋದದ್ದು ಹೋದಂತೆಯೇ. ಅಜಯನಿಗೆ ಆಟ ಬೇಜಾರಾಗಿ ನೌಕೆಯನ್ನು ಬಿಡಿಬಿಡಿಯಾಗಿ ಕಳಚಿ ಹಾಕಲು ಕೂತಾಗ ಶಿವಗಂಗವ್ವ ಹಿಂದೆ ನಿಂತು ನೋಡುತ್ತಿದ್ದಳು.

"ಚಂದಂಗಿ ನಡಿಯೂ ಗಾಡಿ ಯಾರರ ಒಡೀತಾರೇನೋ? ಸರಿ ಅತ್ಲಾಗ. ನಾ ಸಾಕ್ತೇನಿ ಅದನ್ನ."

ಅಂದಿನಿಂದ ಹನ್ನೊಂದು ವರ್ಷ ಸಾಕಿದಳು. ತುಕ್ಕಿನಂಥ ಕೆಂಪು ಬಣ್ಣ ನೋಡಿ ಕೆಂದಿ ಎಂದು ಹೆಸರಿಟ್ಟಳು. ದಪ್ಪ ಹೊಟ್ಟೆ, ಮಂದ ಓಟ, ಮೈಮೇಲೆ ಒಂದು ಬಂದೂಕೂ ಇಲ್ಲ. ಅಂಥ ನೌಕೆ ಅಲ್ಲಿ ಒಂದು ತಿಂಗಳು ಬಾಳಿದರೆ ದೊಡ್ಡದು ಎಂದು ಅಜಯ ಹೇಳುತ್ತಿದ್ದ. ಕೆಂದಿ ಬಾಳಿದ್ದು ಇವಳ ಹಟದಿಂದ. ಇತ್ತ ಗಿರಣಿಯಲ್ಲಿ ಜೋಳ ಬೀಸುತ್ತಿದ್ದರೆ ಅತ್ತ ಕೆಂದಿಯ ಹೊಟ್ಟೆಗೆ ಅದಿರು ಬೀಳುತ್ತಿತ್ತು. ಗುರುತಿಲ್ಲದ ನೌಕೆ ದೂರದಲ್ಲಿ ಕಂಡರೂ ಸಾಕು, ಅರೆಹೊಟ್ಟೆಯಲ್ಲೇ ನಿಲ್ದಾಣಕ್ಕೆ ತಿರುಗಿಸಿಬಿಡುವಳು. ನಿಲ್ದಾಣದ ಒಳಗಿದ್ದರೆ ಯಾರೂ ಮುಟ್ಟುವಂತಿಲ್ಲ. ಇಂಥ ಹಳೆಯ ನೌಕೆ ಈಗ ಎಲ್ಲೂ ಸಿಗುವುದಿಲ್ಲ, ನನಗೆ ಕೊಡು ಎಂದು ಪರದೇಶದವನೊಬ್ಬ ಬೆನ್ನುಬಿದ್ದಿದ್ದ. ಅಜಯ ಅದನ್ನು ಓದಿ ಹೇಳಿದಾಗ ಆಕೆಗೆ ಸಿಟ್ಟು ನೆತ್ತಿಗೇರಿತು. "ಮನಿಯಾಕಿನ್ನ ಕೇಳಿದಂಗ ಕೇಳ್ತಾನಲ್ಲ ಭಾಡ್ಯಾ! ಇಲ್ಲಂತ ಬರಿ."

ಆಟದಲ್ಲಿ ಆಕೆಯ ಜೊತೆಗಾರ ಒಬ್ಬನೇ, ದಾಂಡೇಲಿಯ ಅಂಬೇವಾಡಿಯಲ್ಲಿ ಜೀಪು ಓಡಿಸುವ ರಫೀಕ. ಸಿದ್ದಿಯವರ ಪೈಕಿ, ಮೂವತ್ತರ ಆಸುಪಾಸಿನವನು. ಆಟದ ನಡುವೆ ಅವನು ಯಾರನ್ನೋ ಕನ್ನಡದಲ್ಲಿ ಬೈದದ್ದನ್ನು ಓದಿ, ಬಾಯಿ ಸ್ವಚ್ಛ ಇಟ್ಟುಕೋ ಎಂದು ಈಕೆ ಕನ್ನಡದಲ್ಲೇ ಗದರಿಸಿದ್ದಳಂತೆ. ಅಲ್ಲಿಂದ ಬೆಳೆದ ನಂಟು. ಕೆಂದಿ ತಂದು ಹಾಕಿದ ಅದಿರಿನಿಂದಲೇ ಅವನು ತನ್ನ ಕಾವಲು ನೌಕೆ ಕಟ್ಟಿದ್ದ. ಜೀಪಿನ ಕೆಲಸ ಮುಗಿಸಿ ಬಂದು ಚೂರುಚೂರೇ ಕಟ್ಟಲು ಅವನಿಗೆ ಒಂದು ವರ್ಷ ಹಿಡಿದಿತ್ತು.

ಕಳೆದ ಮಹಾನವಮಿಯ ದಿನ ನಡೆದದ್ದನ್ನು ಹೇಳುತ್ತೇನೆ. ಅಂದು ನಮ್ಮಲ್ಲಿ ಖಂಡೆಪೂಜೆ. ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು ಪೂಜಿಸಿದ ಮೇಲೆ ಮರುದಿನ ಬನ್ನಿ ಹಂಚುವವರೆಗೆ ಅವನ್ನು ಯಾರೂ ಮುಟ್ಟುವುದಿಲ್ಲ. ಶಿವಗಂಗವ್ವ ಪ್ರತಿವರ್ಷ ಕೆಂದಿಯ ಒಂದು ಫೋಟೋವನ್ನು ಗಿರಣಿಯ ಪಕ್ಕ ಇಟ್ಟು ಪೂಜಿಸುತ್ತಿದ್ದಳು. ಈ ಸಲ ಅಜಯ ಹಳಿಯಾಳದಿಂದ ಹಬ್ಬಕ್ಕೆ ಬರುವಾಗ ಕಂಪ್ಯೂಟರಿಗೆ ದೊಡ್ಡ ಪರದೆ ತಂದಿದ್ದ. ಸಾಕ್ಷಾತ್ ಕೆಂದಿಯೇ ಇರುವಾಗ ಫೋಟೋ ಏಕೆ? ಗಾಡಿಯನ್ನು ಕೊಟ್ಟಿಗೆಯಲ್ಲಿ ಬಿಟ್ಟು ಪೂಜೆ ಮಾಡುವವರಿದ್ದಾರೆಯೇ, ಅಂಗಳಕ್ಕೆ ತರಬೇಕಲ್ಲ! ಆಕೆ ಕೆಂದಿಯನ್ನು ನಿಲ್ದಾಣದಿಂದ ಹೊರಗೆ ತಂದು ನಡು ಆಕಾಶದಲ್ಲಿ ನಿಲ್ಲಿಸಿದಳು. ಪರದೆಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಸರ. ಕೀಲಿಮಣೆಯ ಮುಂದೆ ಒಡೆದ ತೆಂಗಿನಕಾಯಿ. ಪೂಜೆಯಾದ ಕಂಪ್ಯೂಟರನ್ನೂ ಮುಟ್ಟುವಂತಿಲ್ಲವಾದ್ದರಿಂದ ಆಟ ಚಾಲೂ ಇತ್ತು, ಕೆಂದಿ ಅಲ್ಲೇ ನಿಂತಿತ್ತು. ಇಂಥ ತಪ್ಪು ಆ ಆಟ ಕಟ್ಟಿದವರ ಕನಸಿನಲ್ಲೂ ಬಂದಿರಲಾರದು.

ನಾನು ಪ್ರಸಾದಕ್ಕೆಂದು ಹೋದಾಗ ಓಣಿಯ ಕಡೆಯ ಮನೆಯ ಸತ್ತೆವ್ವ ಗೋಧಿಯ ಡಬ್ಬಿ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಹೇಳದೆ ಕೇಳದೆ ಬೀಗರು ಬಂದಿದ್ದಾರೆ, ಹೋಳಿಗೆಗೆ ಹಿಟ್ಟಿಲ್ಲ.

"ಪೂಜಿ ಆಗೇತಿ ಸತ್ತೆವ್ವಾ. ಇವತ್ತ ಗಿರಣಿ ಹಚ್ಚೂದಿಲ್ಲ. ಬೇಕಂದ್ರ ನಮ್ಮನಿ ಹಿಟ್ಟ ಒಯ್ಯಿ."

"ಕಡಾ ತಂದ ಹಿಟ್ಟಿಲೆ ಬೀಗರಿಗೆ ಹೋಳಗಿ ಮಾಡ್ಲೇನು? ಬ್ಯಾಡ ಬಿಡವಾ," ಎಂದು ಸತ್ತೆವ್ವ ಮೂತಿ ತಿರುವಿಕೊಂಡು ಹೋದಳು.

ಊಟದ ಹೊತ್ತಿಗೆ ರಫೀಕನ ಫೋನು ಬಂತು. ಅಜಯ ಸ್ಪೀಕರಿಗೆ ಹಾಕಿದ.

"ಅವ್ವಾರ, ಕೆಂದಿ ಯಾಕ ಹೊರಗ ನಿಂತೈತಿ? ಸುಲಿಯೂ ಮಂದಿ ಈ ಕಡೆನ ಬರಾಕತ್ತಾರ. ಲಗೂನ ಒಳಗ ಹಾಕ್ರಿ!"

ಅಜಯ ಮೌಸಿಗೆ ಕೈ ಹಾಕಿದ. ಶಿವಗಂಗವ್ವ ಅವನ ಮಣಿಕಟ್ಟು ಹಿಡಿದಳು.

"ಯವ್ವಾ, ಒಂದ ಸಲ ಒತ್ತಿದ್ರ ಆತು!"

"ಈಗರ ಸತ್ತೆವ್ವಗ ಇಲ್ಲಂದೇನಿ. ಮಂದಿಗೊಂದು, ನನಗೊಂದು ಮಾಡ್ಲೇನು? ಮುಟ್ಟಬ್ಯಾಡ." ಹಾಗೆಂದರೂ ಆಕೆಯ ಕಣ್ಣು ಪರದೆಯ ಮೇಲಿನ ಕೆಂದಿಯನ್ನು ಬಿಟ್ಟಿರಲಿಲ್ಲ. ನನಗೋ ಮೈ ಉರಿಯಿತು. ಇಷ್ಟು ಪ್ರೀತಿಸಿದ್ದನ್ನು ಒಂದು ನೇಮಕ್ಕಾಗಿ ಸಾಯಲು ಬಿಡುವುದೇ?

"ನಿಮ್ಮ ಪೂಜಿ ನೀವ ನಡಸ್ರಿ. ನಾ ಅದೀನಲ್ಲ, ಕಾವಲ ನಿಲ್ತೇನಿ," ಎಂದ ರಫೀಕ. ಅವನ ಪುಟ್ಟ ನೌಕೆ ಬಂದು ಕೆಂದಿಯ ಎದುರು ನಿಂತಿತು. ಹಿಂದೆಯೇ ಸುಲಿಗೆಯವರ ಮೂರು ನೌಕೆ ಬಂದವು. ಒಂದನ್ನು ರಫೀಕ ಓಡಿಸಿದ. ಉಳಿದೆರಡು ಅವನ ಮೇಲೆ ಮುಗಿಬಿದ್ದವು. ಹೂಸರದ ಹಿಂದೆ ಬೆಂಕಿ ಮಿಣಮಿಣ ಎನ್ನುವುದನ್ನು ನಾವು ಮೂವರೂ ನಿಂತು ನೋಡಿದೆವು.

"ತಮ್ಮಾ, ನೀ ಒಳಗ ಹೋಗು, ಸಾಕು," ಎಂದಳು ಶಿವಗಂಗವ್ವ.

"ಇಂಜಿನ್ ಹೊಡದಾರ್ರಿ. ಗಾಡಿ ಹಂದವಲ್ಲದು. ಸರಿಯಾಗಾಕ ಸ್ವಲ್ಪ ಟೈಮ್ ಬೇಕು. ನೀವರ ಹೋಗ್ರಿ ಅವ್ವಾರ, ನನ್ನದು ಹೋದ್ರ ಹೋಗ್ಲಿ."

ಆಕೆ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಹೂಸರ ತೆಗೆದಿಟ್ಟಳು, ಮೌಸಿನ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಅಜಯನ ಮುಖ ಅರಳಿತು. "ಹಾಂ, ಒಳಗ ತಗೋ ಯವ್ವಾ! ನಿಲ್ದಾಣ ಬಾಜೂಕ ಐತಿ!"

ಕೆಂದಿ ನಿಲ್ದಾಣದ ಕಡೆ ತಿರುಗಲಿಲ್ಲ. ಮೆಲ್ಲಗೆ ಹೊರಳಿ, ರಫೀಕನ ನೌಕೆಗೂ ಬಂದೂಕುಗಳಿಗೂ ನಡುವೆ ಹೋಗಿ ತನ್ನ ಅಗಲವಾದ ಹೊಟ್ಟೆ ಅಡ್ಡ ಕೊಟ್ಟಿತು.

"ಯವ್ವಾ, ಏನ್ ಮಾಡಾಕತ್ತಿ? ಹನ್ನೊಂದ ವರ್ಷದ್ದು ಅದು!"

"ನನಗ ಗೊತ್ತಿಲ್ಲೇನು? ಸುಮ್ಮನಿರು."

ಏಟುಗಳೆಲ್ಲ ಕೆಂದಿಗೇ ಬಿದ್ದವು. ಆಕೆ ಅದನ್ನು ಒಂದಿಷ್ಟೂ ಸರಿಸಲಿಲ್ಲ. ಫೋನಿನಲ್ಲಿ ರಫೀಕ "ಬ್ಯಾಡ್ರಿ, ಬ್ಯಾಡ್ರಿ" ಎನ್ನುತ್ತಲೇ ಇದ್ದ. ಅವನ ಇಂಜಿನ್ ಮತ್ತೆ ಹತ್ತಿಕೊಂಡಿತು, ಅವನು ಒಳಗೆ ಸೇರಿದ. ಆ ಕ್ಷಣದಲ್ಲೇ ಕೆಂದಿ ಒಡೆಯಿತು. ಪರದೆಯ ಮೇಲೆ ಕೆಂಪು ಚೂರುಗಳು ಹರಡಿಕೊಂಡವು. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಶಿವಗಂಗವ್ವ ಅಳಲಿಲ್ಲ. ಎದ್ದು ಗಿರಣಿಗೆ ಹೋಗಿ, ಅದರ ಮೇಲಿನ ಹೂಗಳನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದಳು.

"ನಿರ್ಮಲಾ, ಸತ್ತೆವ್ವನ್ನ ಕರಕೊಂಡ ಬಾ. ಗೋಧಿ ತರ್ಲಿ ಅನ್ನು."

"ಪೂಜೆ?" ಎಂದೆ.

"ರಫೀಕ ನನ್ನಾಂವ ಅಂತ ಒಂದ ಹತ್ಯಾರ ಮುಟ್ಟೇನಲ್ಲ. ಇನ್ನ ಆಕಿಗೆ ಹೆಂಗ ಇಲ್ಲನ್ಲಿ? ಶಿವಾ ಕೇಳಿದ್ರ ನಾ ಹೇಳ್ತೇನಿ. ನೀ ನಡಿ."

ಸತ್ತೆವ್ವ ಬಂದಳು, ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು. ಶಿವಗಂಗವ್ವ ಗಿರಣಿ ಹಚ್ಚಿದಳು. ಆ ಗದ್ದಲ ಖೋಲಿ ತುಂಬಿದ ಮೇಲೆಯೇ ಆಕೆಯ ಕಣ್ಣೀರು ಇಳಿಯತೊಡಗಿತು. ಬಾಯಿ ತೆರೆದು, ದನಿ ಎತ್ತಿ ಅತ್ತಳು. ಗೋಧಿ ಸುರಿಯುವ ಕೈ ಮಾತ್ರ ನಿಲ್ಲಲಿಲ್ಲ.

ಸತ್ತೆವ್ವ ಗಾಬರಿಯಾಗಿ ನನ್ನ ಮುಖ ನೋಡಿದಳು. "ಕೆಂದಿ ಹೋತು," ಎಂದು ಅವಳ ಕಿವಿಯಲ್ಲಿ ಹೇಳಿದೆ. ಓಣಿಯಲ್ಲಿ ಕೆಂದಿಯನ್ನು ಅರಿಯದವರು ಯಾರು? ಸತ್ತೆವ್ವ ಡಬ್ಬಿ ಕೆಳಗಿಟ್ಟು ಶಿವಗಂಗವ್ವನ ಪಕ್ಕಕ್ಕೆ ಹೋಗಿ ನಿಂತಳು.

ಶಿವಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಬೀಳುತ್ತಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಗಿರಣಿಯ ಸಪ್ಪಳಕ್ಕಿಂತ ಜೋರಾಗಿ ಕೇಳಿದಳು:

"ಇಷ್ಟ ಸಣ್ಣ ಸಾಕೇನು, ಇನ್ನೊಂದ ಸಲ ಹಾಕ್ಲಿ?"