ಗೊರಕೆ ಹೊಡೆಯುವ ಹುಡುಗಿ

ಬೇಸಿಗೆ ಬಂತೆಂದರೆ ಆಳಂದದಲ್ಲಿ ನಮ್ಮ ಓಣಿಗೆ ಓಣಿಯೇ ಮಾಳಿಗೆ ಹತ್ತಿ ಮಲಗುತ್ತಿತ್ತು. ಹಾಗಾಗಿ ನನ್ನ ಗೊರಕೆ ಮನೆಯ ಗುಟ್ಟಾಗಿ ಉಳಿಯುವ ಮಾತೇ ಇರಲಿಲ್ಲ. ನನಗೆ ನಿದ್ದೆ ಹತ್ತಿದ ಕೂಡಲೇ ಪಕ್ಕದ ಮಾಳಿಗೆಯ ಕಾಕಾ, “ದಾಲ್ ಮಿಲ್ ಚಾಲೂ ಆತು ನೋಡ್ರಿ” ಎನ್ನುತ್ತಿದ್ದರಂತೆ. ಆ ಕಾಕಾ ಗೊರೆದರೆ ಕೆಳಗೆ ಕಟ್ಟಿದ ಎಮ್ಮೆ ಎದ್ದು ನಿಲ್ಲುತ್ತಿತ್ತು. ಆದರೂ ಓಣಿಯವರೆಲ್ಲ, ದುಡಿದು ದಣಿದವರು, ಮಲಗಲಿ ಅನ್ನುತ್ತಿದ್ದರು. ನಾನು ಗೊರೆದರೆ ಮಾತ್ರ ಲಗ್ನದ ಚಿಂತೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಂದೋಲಾದ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗ ಶಾಲೆಯ ಮಾಸ್ತರ. ನೋಡಲು ಬಂದ ದಿನ ಚಹಾ ಕುಡಿದು, ತನ್ನ ಕಪ್ಪು-ಬಸಿ ತಾನೇ ಎತ್ತಿ ಒಳಗೆ ತಂದಿಟ್ಟ. ಅಷ್ಟಕ್ಕೇ ಅವನು ನನ್ನ ಮನಸ್ಸಿಗೆ ಬಂದುಬಿಟ್ಟಿದ್ದ. ಇನ್ನು ಉಳಿದದ್ದು ಒಂದೇ. ಅವರ ಮನೆತನದ ಪದ್ಧತಿಯಂತೆ ಹುಡುಗನ ತಾಯಿ ಬಂದು ನಮ್ಮಲ್ಲಿ ಒಂದು ರಾತ್ರಿ ಇರಬೇಕು, ಹುಡುಗಿಯ ಪಕ್ಕದಲ್ಲೇ ಮಲಗಿ ಎದ್ದು ಹೋಗಬೇಕು. ನಿಶ್ಚಯ ಆಮೇಲೆ.

ಅವ್ವನಿಗೆ ದಿಕ್ಕೇ ತೋಚದಾಯಿತು. ಮೂಗಿಗೆ ಆಕಳ ತುಪ್ಪ ಬಿಟ್ಟಳು, ಅಜವಾನದ ಹೊಗೆ ಕುಡಿಸಿದಳು, ರಾತ್ರಿ ಅನ್ನ ಮಜ್ಜಿಗೆ ಬಂದ್ ಮಾಡಿದಳು. ನರೋಣಾದಿಂದ ಬಂದ ಅಜ್ಜಿ ಹುಣಸೆ ಬೀಜಗಳನ್ನು ಅರಿವೆಯಲ್ಲಿ ಗಂಟು ಕಟ್ಟಿ ನನ್ನ ಕುಪ್ಪಸದ ಬೆನ್ನಿಗೆ ಹೊಲಿದಳು, ಅಂಗಾತ ಮಲಗಿದರೆ ಚುಚ್ಚಲಿ ಎಂದು. ಚುಚ್ಚಿತು. ಎಡಕ್ಕೆ ಹೊರಳಿದರೆ ಸಣ್ಣ ಗೊರಕೆ, ಬಲಕ್ಕೆ ಹೊರಳಿದರೆ ದಪ್ಪ ಗೊರಕೆ ಬರುತ್ತದೆ ಎಂದು ಗೊತ್ತಾದದ್ದೇ ಬಂತು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬರುತ್ತಿದ್ದವು.

ಹುಡುಗನ ತಾಯಿ ಬಂದ ರಾತ್ರಿ ನಾನು ನಿದ್ದೆಯನ್ನೇ ಮಾಡಬಾರದೆಂದು ಹಟ ತೊಟ್ಟೆ. ಮಾಳಿಗೆಯ ಮೇಲೆ ಅವರು ಆ ಕಡೆ ಮುಖ ಮಾಡಿ ಅಲುಗಾಡದೆ ಮಲಗಿದರು. ನಾನು ಆಚೆ ಹೊರಳಿದೆ, ಈಚೆ ಹೊರಳಿದೆ. ಎದ್ದು ನೀರು ಕುಡಿದೆ. ರೆಪ್ಪೆ ಭಾರವಾದಾಗ ತೊಡೆ ಚಿವುಟಿಕೊಂಡೆ. ಕೆಳಗಿಳಿದು ಮುಖ ತೊಳೆದು ಮತ್ತೆ ಹತ್ತಿಬಂದೆ. ಪಕ್ಕದ ಕಾಕಾ ಮಾತ್ರ ಯಾವ ಹಂಗೂ ಇಲ್ಲದೆ ಗೊರೆಯುತ್ತಿದ್ದರು. ಎದ್ದು ಹೋಗಿ ಅವರ ಮೂಗು ಹಿಡಿಯಬೇಕೆನಿಸಿತು.

ಬೆಳಿಗ್ಗೆ ಹುಡುಗನ ತಾಯಿ ಜಳಕ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಗೆ ಬಂದರು. ಕೈಯಲ್ಲಿ ಆಗಲೇ ಚೀಲವಿತ್ತು.

“ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಪೋರಿಗೆ ಮನಸ್ಸಿಲ್ಲ. ರಾತ್ರಿಯೆಲ್ಲಾ ಹೊರಳ್ಯಾಡಾಕತ್ತಿದ್ಳು. ಒಲ್ಲದ ಹುಡುಗೀನ ಮನಿ ತುಂಬಿಸ್ಕೊಂಡು ಆಕಿ ಬಾಳೇ ಹಾಳು ಮಾಡಬಾರ್ದ್ರಿ. ನಾ ಬರ್ತೇನಿ.”

ನಿಜ ಹೇಳಿದರೂ ಸಂಬಂಧ ತಪ್ಪೀತು, ಹೇಳದಿದ್ದರೂ ತಪ್ಪೀತು. ಕಪ್ಪು-ಬಸಿ ಎತ್ತಿಟ್ಟವನನ್ನು ಹೀಗೆ ಕಳೆದುಕೊಳ್ಳಲು ನನಗೆ ಆಗಲಿಲ್ಲ.

“ಮನಸ್ಸದ್ರಿ,” ಅಂದೆ. “ನಾ ಗೊರಕಿ ಹೊಡಿತೇನ್ರಿ. ನಿಮಗ ಗೊತ್ತಾಗಬಾರ್ದಂತ ಎಚ್ಚರಿದ್ದೆ.”

ಅವ್ವ ಹಣೆ ಹಣೆ ಬಡಿದುಕೊಂಡಳು. ಅವರು ನನ್ನನ್ನೇ ನೋಡಿದರು.

“ಭಾಳ ಹೊಡಿತಿಯೇನು?”

“ಓಣಿಗೆಲ್ಲಾ ಕೇಳ್ತದ್ರಿ.”

“ಹಂಗಾರ ಮಲ್ಕೋ. ಕೇಳ್ತೇನಿ,” ಎಂದು ಚೀಲ ಕೆಳಗಿಟ್ಟರು.

ಪಡಸಾಲೆಯಲ್ಲಿ ತಾವೇ ಕೌದಿ ಹಾಸಿದರು. ಇಂಥ ಪರೀಕ್ಷೆಯಲ್ಲಿ ಯಾರಿಗೆ ನಿದ್ದೆ ಬಂದೀತು ಅಂದುಕೊಂಡೇ ಅಡ್ಡಾದೆ. ಕಣ್ಣು ಬಿಟ್ಟಾಗ ಬಿಸಿಲು ಇಳಿದಿತ್ತು, ಅವರು ಊರಿಗೆ ಹೋಗಿದ್ದರು.

ನಡೆದದ್ದನ್ನು ಅವ್ವ ಆಮೇಲೆ ಹೇಳಿದಳು. ಅವರು ನನ್ನ ತಲೆಯ ಹತ್ತಿರ ಕೂತು ಬೀಸಣಿಗೆ ಬೀಸುತ್ತಿದ್ದರಂತೆ. ನನ್ನ ಗೊರಕೆ ಏರಿದಂತೆ ಅವ್ವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿ, ನನ್ನನ್ನು ಅಲುಗಿಸಲು ಹೋದಳಂತೆ. ಅವರು ಅವ್ವನ ಕೈ ಹಿಡಿದರಂತೆ.

“ಎಬ್ಬಿಸಬ್ಯಾಡ್ರಿ. ಅತ್ತಿಮನಿಗೆ ಬಂದಾಗಿಂದ ನಾ ಇಂಥಾ ನಿದ್ದಿ ಒಂದಿನಾನೂ ಮಾಡಿಲ್ಲ. ನಮ್ಮ ಮನ್ಯಾಗ ಇಕಿಯಾದ್ರೂ ಹಿಂಗ ಮಲಗಲಿ.”